ಶಾಲಾ ಕಲಿಕೆಯಲ್ಲಿ ಆಗ್ಮೆಂಟೆಡ್ ರಿಯಾಲಿಟಿ

ಕಣ್ಣೆದುರಿನ ವಸ್ತು ಅಥವಾ ಸ್ಥಳದ ಮೇಲೆ ಕಂಪ್ಯೂಟರ್ ರಚಿಸಿದ ಚಿತ್ರವನ್ನೋ ಮಾಹಿತಿಯನ್ನೋ ಆ ಕ್ಷಣದಲ್ಲೇ ಕೂಡಿಸಿ ತೋರಿಸುವ ತಂತ್ರಜ್ಞಾನ ಆಗ್ಮೆಂಟೆಡ್ ರಿಯಾಲಿಟಿ, ಅಂದರೆ ಎಆರ್. ಅಮೆರಿಕದ ಐವನ್ ಸದರ್ಲೆಂಡ್ 1968ರಲ್ಲಿ ತಲೆಗೆ ತೊಡುವ ಇಂಥ ಪರದೆಯೊಂದನ್ನು ತೋರಿಸಿದ್ದರು. ಎಆರ್ ಎಂಬ ಹೆಸರು ಬಂದದ್ದು 1990ರ ಸುಮಾರಿಗೆ, ಬೋಯಿಂಗ್ ಕಂಪನಿಯಲ್ಲಿ ವಿಮಾನಗಳ ತಂತಿ ಜೋಡಿಸುವವರಿಗೆ ನೆರವಾಗಲು ನಡೆದ ಪ್ರಯತ್ನದಿಂದ.

ತರಗತಿಗೆ ಇದನ್ನು ಹತ್ತಿರ ತಂದದ್ದು ಕಾಗದದ ತುಂಡು. ಹಿರೊಕಾಜು ಕಾಟೊ ಮತ್ತು ಮಾರ್ಕ್ ಬಿಲಿಂಗ್‌ಹರ್ಸ್ಟ್ 1999ರಲ್ಲಿ ಪರಿಚಯಿಸಿದ ಎಆರ್‌ಟೂಲ್‌ಕಿಟ್ ತಂತ್ರಾಂಶವು ಕಪ್ಪು ಅಂಚಿನ ಮುದ್ರಿತ ಚೌಕವನ್ನು ಕ್ಯಾಮೆರಾದಿಂದ ಗುರುತಿಸಿ, ಅದರ ಮೇಲೆ ಮೂರು ಆಯಾಮದ ಆಕೃತಿಯನ್ನು ನಿಲ್ಲಿಸುತ್ತಿತ್ತು. 2002ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಶೆಲ್ಟನ್ ಮತ್ತು ಹೆಡ್ಲಿ ಇದೇ ಬಗೆಯ ಗುರುತುಗಳಿಂದ ಭೂಗೋಳದ ವಿದ್ಯಾರ್ಥಿಗಳಿಗೆ ಭೂಮಿ ಮತ್ತು ಸೂರ್ಯರ ಸಂಬಂಧವನ್ನು ಕಲಿಸಿದರು. ಪುಟದ ಮೇಲೆ ಚಪ್ಪಟೆಯಾಗಿದ್ದ ಋತುಮಾನದ ಪಾಠವನ್ನು ಕೈಯಲ್ಲಿ ತಿರುಗಿಸಿ ನೋಡಲು ಸಾಧ್ಯವಾಯಿತು. ವಿಯೆನ್ನಾದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹ್ಯಾನೆಸ್ ಕೌಫ್‌ಮನ್ ರೂಪಿಸಿದ ಕನ್‌ಸ್ಟ್ರಕ್ಟ್3ಡಿ ಎಂಬ ತಂತ್ರಾಂಶ ರೇಖಾಗಣಿತಕ್ಕೆ ಮೀಸಲಾಗಿತ್ತು. ಅದಕ್ಕೆ ಬೇಕಿದ್ದ ತಲೆಪರದೆಗಳು ಸಾಮಾನ್ಯ ಶಾಲೆಯ ಕೈಗೆಟುಕುವಂಥವಾಗಿರಲಿಲ್ಲ.

ಮತ್ತೊಂದು ದಾರಿ ಮಕ್ಕಳನ್ನು ಹೊರಗೆ ಕರೆದೊಯ್ದಿತು. ಎಂಐಟಿಯ ಎರಿಕ್ ಕ್ಲಾಪ್‌ಫರ್ ಮತ್ತು ಕರ್ಟ್ ಸ್ಕ್ವೈರ್ ರೂಪಿಸಿದ ಎನ್‌ವೈರನ್‌ಮೆಂಟಲ್ ಡಿಟೆಕ್ಟಿವ್ಸ್ ಆಟದಲ್ಲಿ ವಿದ್ಯಾರ್ಥಿಗಳು ಜಿಪಿಎಸ್ ಇರುವ ಪುಟ್ಟ ಕಂಪ್ಯೂಟರ್ ಹಿಡಿದು ಆವರಣದಲ್ಲಿ ಅಲೆಯುತ್ತ, ಅಂತರ್ಜಲಕ್ಕೆ ಸೇರಿದ ಕಾಲ್ಪನಿಕ ವಿಷದ ಮೂಲವನ್ನು ಹುಡುಕುತ್ತಿದ್ದರು. ಹಾರ್ವರ್ಡ್‌ನ ಇಕೋಮೊಬೈಲ್ ಯೋಜನೆ ಮಕ್ಕಳನ್ನು ನಿಜವಾದ ಕೊಳದ ದಡಕ್ಕೆ ಒಯ್ದು, ಅಲ್ಲಿನ ನೀರಿನ ಗುಣವನ್ನೇ ಅಳೆಯಿಸಿತು. ಪರದೆಯು ನೋಟವನ್ನು ಕಸಿಯದೆ ಸುತ್ತಲಿನ ಜಗತ್ತಿನತ್ತ ತಿರುಗಿಸಿದ ಈ ಪ್ರಯೋಗಗಳು ಎಆರ್ ಶಿಕ್ಷಣದ ಉತ್ತಮ ಅಧ್ಯಾಯ ಎನ್ನಬೇಕು.

ಅದೇ ಗುಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಆಲಿವರ್ ಕ್ರೈಲೋಸ್ ಕಟ್ಟಿದ ಮರಳುಪೆಟ್ಟಿಗೆಯಲ್ಲೂ ಇದೆ. ಮೇಲೆ ತೂಗುವ ಕಿನೆಕ್ಟ್ ಸಂವೇದಕ ಮರಳಿನ ಎತ್ತರವನ್ನು ಅಳೆಯುತ್ತದೆ. ಪ್ರೊಜೆಕ್ಟರ್ ಅದರ ಮೇಲೆ ಸಮೋನ್ನತ ರೇಖೆಗಳನ್ನೂ ಬಣ್ಣಗಳನ್ನೂ ಚೆಲ್ಲುತ್ತದೆ. ಮಗು ಗುಡ್ಡ ಒಟ್ಟಿದರೆ ರೇಖೆಗಳು ಒತ್ತೊತ್ತಾಗುತ್ತವೆ. ಮೇಲೆ ಅಂಗೈ ಹಿಡಿದರೆ ಮಳೆ ಸುರಿದಂತೆ ಕಂಡು, ನೀರಿನ ಚಿತ್ರ ಕಣಿವೆಗೆ ಹರಿಯುತ್ತದೆ. ಭೂಪಟ ಓದಲು ಪರದಾಡುವವರಿಗೆ ಇದಕ್ಕಿಂತ ನೇರವಾದ ಪಾಠ ಸಿಗುವುದು ಕಷ್ಟ. ತಂತ್ರಾಂಶವನ್ನು ಮುಕ್ತವಾಗಿ ಹಂಚಿದ್ದರಿಂದ ಹಲವು ದೇಶಗಳ ಶಾಲೆ, ವಸ್ತುಸಂಗ್ರಹಾಲಯಗಳು ತಾವೇ ಇದನ್ನು ಕಟ್ಟಿಕೊಂಡಿವೆ.

2017ರ ಬಳಿಕ ಆಪಲ್‌ನ ಎಆರ್‌ಕಿಟ್ ಮತ್ತು ಗೂಗಲ್‌ನ ಎಆರ್‌ಕೋರ್‌ ತಂತ್ರಾಂಶಗಳಿಂದಾಗಿ ಸಾಧಾರಣ ಫೋನೇ ಸಾಕಾಯಿತು. ಗೂಗಲ್‌ನ ಎಕ್ಸ್‌ಪೆಡಿಶನ್ಸ್ ಆ್ಯಪ್ ತರಗತಿಯ ನಡುವೆ ಜ್ವಾಲಾಮುಖಿಯನ್ನು ನಿಲ್ಲಿಸಿ ತೋರಿಸಿತು. 2021ರಲ್ಲಿ ಕಂಪನಿ ಅದನ್ನು ನಿಲ್ಲಿಸಿದಾಗ ಅದನ್ನು ನೆಚ್ಚಿದ್ದ ಶಿಕ್ಷಕರು ಬೇರೆ ದಾರಿ ಹುಡುಕಬೇಕಾಯಿತು.

ಭಾರತದಲ್ಲಿ ಎನ್‌ಸಿಇಆರ್‌ಟಿ ತನ್ನ ಪಠ್ಯಪುಸ್ತಕಗಳಿಗಾಗಿ ಇ-ಪಾಠಶಾಲಾ ಎಆರ್ ಆ್ಯಪ್ ಹೊರತಂದಿತು. 2020ರಲ್ಲಿ ಸಿಬಿಎಸ್‌ಇ ಫೇಸ್‌ಬುಕ್ ಜತೆಗೂಡಿ ಶಿಕ್ಷಕರಿಗೆ ಎಆರ್ ತರಬೇತಿ ಘೋಷಿಸಿತು. ಕರ್ನಾಟಕದ ಪಠ್ಯಪುಸ್ತಕಗಳಲ್ಲಿರುವ ಕ್ಯೂಆರ್ ಕೋಡ್‌ಗಳು ದೀಕ್ಷಾ ವೇದಿಕೆಯ ಪಾಠಗಳನ್ನು ತೆರೆಯುತ್ತವೆ. ಅದು ಎಆರ್ ಅಲ್ಲ; ಆದರೆ ಪುಟದ ಮೇಲೆ ಫೋನ್ ಹಿಡಿದು ಪಾಠ ತೆರೆಯುವ ಬಗೆ ಎರಡಕ್ಕೂ ಒಂದೇ.