ಕೆರೆ ಅಂಗಳದ ಮೇಲೆ ಎದ್ದ ಕ್ರೀಡಾಂಗಣಗಳು

ಕೋಲಾರ ಸೀಮೆಯಲ್ಲಿ ಕೆರೆ ಅಂಗಳವೇ ಬೇಸಿಗೆಯ ಆಟದ ಬಯಲು. ನೀರು ಬತ್ತಿ ಕೆಸರು ಒಣಗಿದರೆ ಸಾಕು, ಹುಡುಗರು ಎರಡು ಕಲ್ಲು ನೆಟ್ಟು ಗೋಲು ಮಾಡಿಕೊಳ್ಳುತ್ತಾರೆ. ಮಳೆ ಹಿಡಿದರೆ ಬಯಲು ಮತ್ತೆ ಕೆರೆಯಾಗುತ್ತದೆ. ಬೆಂಗಳೂರು ಮಾತ್ರ ತನ್ನ ಕೆರೆಗಳನ್ನು ಶಾಶ್ವತವಾಗಿ ಬಯಲು ಮಾಡಿಕೊಂಡಿತು. ನಾಡಿನ ಫುಟ್‌ಬಾಲ್ ನೆಚ್ಚಿಕೊಂಡ ಎರಡು ಕ್ರೀಡಾಂಗಣಗಳೂ ಅಲ್ಲಿ ಕೆರೆಗಳ ಮೇಲೆಯೇ ಎದ್ದಿವೆ: ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ಶೂಲೆ ಕೆರೆಯ ಮೇಲೆ, ಕಂಠೀರವ ಸಂಪಂಗಿ ಕೆರೆಯ ಮೇಲೆ.

1896ರಲ್ಲಿ ಹೆಸರಘಟ್ಟದ ನೀರು ಊರಿಗೆ ಬಂದ ಮೇಲೆ ಸಂಪಂಗಿ ಕೆರೆಯ ಹಂಗು ಯಾರಿಗೂ ಉಳಿಯಲಿಲ್ಲ. ಕೆರೆ ಸೊರಗಿತು, ಒಣಗಿದ ಅಂಗಳದಲ್ಲಿ ದೊರೆಗಳು ಪೋಲೊ ಆಡಿದರು. ಇಂದು ಕ್ರೀಡಾಂಗಣದ ಮಗ್ಗುಲಲ್ಲಿ ಕರಗದ ವಿಧಿಗೆಂದು ಉಳಿಸಿಕೊಂಡ ಚಿಕ್ಕ ಕೊಳವೊಂದೇ ಆ ಕೆರೆಯ ಗುರುತು.

ಆಟ ಕ್ರೀಡಾಂಗಣಕ್ಕಾಗಿ ಕಾದು ಕೂತಿರಲಿಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲೇ ರೋವರ್ಸ್ ಕಪ್ ಗೆದ್ದಿತ್ತು, ಮರುವರ್ಷವೂ ಅದನ್ನು ಉಳಿಸಿಕೊಂಡಿತು. ಮೈಸೂರು ತಂಡ 1946-47ರಲ್ಲಿ ಬಂಗಾಳವನ್ನು ಮಣಿಸಿ ಸಂತೋಷ್ ಟ್ರೋಫಿ ತಂದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಇತ್ತ ನಮ್ಮ ಕೋಲಾರದ ಚಿನ್ನದ ಗಣಿಯ ಕಾಲೊನಿಗಳಲ್ಲೂ ಚೆಂಡು ಉರುಳುತ್ತಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಕೆಲಸದ ಜೊತೆಗೆ ಕಂಪನಿಯ ಆಸರೆಯೂ ಹೋಯಿತು; ಜಿಲ್ಲೆಯ ಆಟಕ್ಕೆ ಬಿದ್ದ ಆ ಪೆಟ್ಟಿನ ಬಗ್ಗೆ ಯಾರೂ ಸಾಕಷ್ಟು ಬರೆದಿಲ್ಲ.

ರಾಜ್ಯ ಫುಟ್‌ಬಾಲ್ ಸಂಸ್ಥೆಯ ಮನೆ ಅಶೋಕನಗರ. ಆಸ್ಟಿನ್ ಟೌನ್, ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡ ಗೌತಮಪುರ ಇಂಥ ಬಡಾವಣೆಗಳ ಹುಡುಗರು ಲೀಗ್ ಆಡಿ ಬೆಳೆದದ್ದು ಅಲ್ಲೇ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಅಲ್ಲಿನ ಕೃತಕ ಹುಲ್ಲಿನ ಮೇಲೆಯೇ ಆಡಿ, ಮೊದಲ ವರ್ಷವೇ ಐ-ಲೀಗ್ ಗೆದ್ದು, ಬಳಿಕ ಕಂಠೀರವಕ್ಕೆ ಹೋಯಿತು.

ಇಂದಿನ ಕಂಠೀರವ ರೂಪುಗೊಂಡದ್ದು 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ. ಅದು ಮೂಲತಃ ಓಟಗಾರರ ಅಂಗಳ. ಮೈದಾನಕ್ಕೂ ಗ್ಯಾಲರಿಗೂ ನಡುವೆ ಎಂಟು ಸಾಲಿನ ಟ್ರ್ಯಾಕ್. ಹಾಗಾಗಿ ಫುಟ್‌ಬಾಲ್ ಅಲ್ಲಿ ಬಾಡಿಗೆಗೆ ಬಂದ ಸಂಸಾರ. ಅಭ್ಯಾಸಕ್ಕೆ ಜಾಗವಿಲ್ಲವೆಂದು ಅಥ್ಲೀಟುಗಳು ಕೋರ್ಟಿನ ಮೆಟ್ಟಿಲೇರಿದ್ದರಲ್ಲಿ ನ್ಯಾಯವಿತ್ತು. ಆದರೂ ಆ ಅಂಗಳ ಕಂಡ ರಾತ್ರಿಗಳನ್ನು ಮರೆಯಲಾಗದು. 2016ರ ಅಕ್ಟೋಬರ್ 19ರಂದು ಮಲೇಷ್ಯಾದ ಜೋಹರ್ ತಂಡವನ್ನು 3-1ರಿಂದ ಸೋಲಿಸಿ ಬೆಂಗಳೂರು ಎಫ್‌ಸಿ ಎಎಫ್‌ಸಿ ಕಪ್ ಫೈನಲ್ ಸೇರಿತು. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಅಷ್ಟು ದೂರ ಹೋಗಿರಲಿಲ್ಲ. 2023ರ ಜುಲೈ 4ರಂದು ಸ್ಯಾಫ್ ಫೈನಲ್ 1-1ರಲ್ಲಿ ನಿಂತು ಪೆನಾಲ್ಟಿಗೆ ಹೋಯಿತು. ಕುವೈತ್‌ನ ಕೊನೆಯ ಒದೆತವನ್ನು ಗೋಲ್‌ಕೀಪರ್ ಗುರ್‌ಪ್ರೀತ್ ಎಡಕ್ಕೆ ಹಾರಿ ತಡೆದಾಗ ಭಾರತ 5-4ರಿಂದ ಗೆದ್ದಿತ್ತು.

ಅದೇ ವರ್ಷ ಮಾರ್ಚ್‌ನಲ್ಲಿ ಕರ್ನಾಟಕ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದದ್ದು ರಿಯಾದ್‌ನಲ್ಲಿ, ಮೇಘಾಲಯದ ವಿರುದ್ಧ. ಕ್ರೀಡಾಂಗಣ ಎಲ್ಲೇ ಇರಲಿ, ಆಟಗಾರ ತಯಾರಾಗುವುದು ತನ್ನೂರಿನ ಬಯಲಿನಲ್ಲಿ. ಆ ಬಯಲೇ ನಮ್ಮಲ್ಲಿ ಕಿರಿದಾಗುತ್ತಿದೆ. 2018ರಿಂದ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳನ್ನು ತುಂಬಿಸುತ್ತಿದೆ. ಕೊಳವೆಬಾವಿಗಳು ಚೇತರಿಸಿಕೊಂಡದ್ದು ಸಂತೋಷವೇ, ಆದರೆ ಏಪ್ರಿಲ್‌ನಲ್ಲೂ ತುಂಬಿರುವ ಕೆರೆಯಲ್ಲಿ ಚೆಂಡು ಒದೆಯುವುದೆಲ್ಲಿ? ಕೋಲಾರದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣವೊಂದೇ ಇಡೀ ಜಿಲ್ಲೆಗೆ ಸಾಲದು. ಪೂರ್ಣ ಅಳತೆಯ ಮೈದಾನಕ್ಕೆ ಬೇಕಾದದ್ದು 105 ಮೀಟರ್ ಉದ್ದ, 68 ಮೀಟರ್ ಅಗಲ, ಅಂದರೆ ಎರಡು ಎಕರೆಗೆ ಸ್ವಲ್ಪ ಕಡಿಮೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಲೇಔಟುಗಳು ಹಬ್ಬುವ ಮುಂಚೆ ಸರ್ಕಾರಿ ಗೋಮಾಳದಲ್ಲಿ ಅಷ್ಟು ಜಾಗ ಗುರುತಿಸಿ, ಪಹಣಿಯಲ್ಲಿ ಆಟದ ಮೈದಾನವೆಂದು ಬರೆಸಿಬಿಡಬೇಕು.