ಧರ್ಮಕೇಂದ್ರದ ಆಡಳಿತ: ಗುರುಗಳು, ಶ್ರೀಸಾಮಾನ್ಯರು ಮತ್ತು ನಡುವಿನ ಮನಸ್ತಾಪ

ಮಂಗಳೂರು ನಗರದ ಯಾವುದೇ ಇಗರ್ಜಿಯಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಾಲ್ಕಾರು ಮಂದಿ ನಿಂತು ಮಾತಾಡುವುದು ವಾಡಿಕೆ. ಹೊಸ ಸಭಾಭವನಕ್ಕೆ ಎಷ್ಟು ಖರ್ಚಾಯಿತು, ಹಬ್ಬದ ಲೆಕ್ಕ ಓದಿದರೋ ಇಲ್ಲವೋ, ಪಾಲನಾ ಮಂಡಳಿಯಲ್ಲಿ ಬೇಡವೆಂದದ್ದನ್ನು ವಿಗಾರರು ಮಾಡಿಸಿದ್ದು ಯಾಕೆ, ಹೀಗೆ ಮಾತು ಸಾಗುತ್ತದೆ. ಅದೇ ಹೊತ್ತಿಗೆ ಧರ್ಮಗುರುಗಳ ನಿವಾಸದಲ್ಲಿ ಇನ್ನೊಂದು ಮಾತು: ಸಲಹೆ ಕೊಡಲು ನೂರು ಜನ, ಕೆಲಸಕ್ಕೆ ಕರೆದರೆ ಹತ್ತು ಜನ. ಎರಡೂ ಮಾತಿನಲ್ಲಿ ಸತ್ಯವಿದೆ. ಆದರೆ ಇವು ಒಂದೇ ಮೇಜಿನ ಸುತ್ತ ಕುಳಿತು ಆಡಿದ ಮಾತುಗಳಾಗುವುದು ಅಪರೂಪ.

ಧರ್ಮಕೇಂದ್ರದ ಆಡಳಿತದಲ್ಲಿ ಗುರುಗಳ ಅಧಿಕಾರ ಎಲ್ಲಿಯವರೆಗೆ, ಶ್ರೀಸಾಮಾನ್ಯರ ಹಕ್ಕು ಎಲ್ಲಿಂದ, ಭಿನ್ನಾಭಿಪ್ರಾಯ ಬಂದರೆ ಏನು ದಾರಿ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಕೆನರಾದ ಕ್ರೈಸ್ತ ಸಮುದಾಯದಲ್ಲಿ ಶ್ರೀಸಾಮಾನ್ಯರ ನಾಯಕತ್ವ ಹೊಸದಲ್ಲ. ಬೋಳಾರದ ರೊಸಾರಿಯೊ ಇಗರ್ಜಿ 1568ರಲ್ಲಿ, ಮಿಲಾಗ್ರಿಸ್ ಇಗರ್ಜಿ 1680ರಲ್ಲಿ ಸ್ಥಾಪನೆಯಾದವು. ಆ ಕಾಲದಲ್ಲಿ ಗುರುಗಳು ಕಡಿಮೆ, ಊರುಗಳು ದೂರ. ಹಾಗಾಗಿ ಊರಿನ ಗುರ್ಕಾರರೇ ಸಮುದಾಯದ ಹಿರಿಯರಾಗಿ ಮದುವೆ, ಸಾವು, ಜಗಳಗಳಲ್ಲಿ ಮುಂದೆ ನಿಲ್ಲುತ್ತಿದ್ದರು. ಪೋರ್ಚುಗೀಸ್ ಪದ್ಧತಿಯಿಂದ ಬಂದ ಭ್ರಾತೃಸಂಘಗಳು ಹಬ್ಬವನ್ನೂ ಅದರ ಖರ್ಚನ್ನೂ ನೋಡಿಕೊಳ್ಳುತ್ತಿದ್ದವು. ವಾರ್ಷಿಕ ಹಬ್ಬಕ್ಕೆ ಮುಂಚಿನ ಭಾನುವಾರವನ್ನು ನಾವು ಇಂದಿಗೂ 'ಕೊಂಪ್ರಿ ಆಯ್ತಾರ್' ಎನ್ನುವುದು ಆ ಸಂಘಗಳ ನೆನಪು. ಇಂದಿನ ವಾಳೆಯ ಗುರಿಕಾರನ ಹೆಸರೂ ಅಲ್ಲಿಂದಲೇ ಬಂದದ್ದು.

19ನೇ ಶತಮಾನದಲ್ಲಿ ಪೋರ್ಚುಗೀಸ್ ರಾಜನ ಪದ್ರುವಾದೊ ಮತ್ತು ರೋಮಿನ ಪ್ರೊಪಗಾಂದಾ ನಡುವಿನ ಅಧಿಕಾರದ ತಿಕ್ಕಾಟ ನಮ್ಮ ಇಗರ್ಜಿಗಳನ್ನೂ ಒಡೆಯಿತು. 1838ರಲ್ಲಿ ಪೋಪ್ 16ನೇ ಗ್ರೆಗೊರಿಯವರ ಆದೇಶದಿಂದ ಮಂಗಳೂರು ವೆರಾಪೊಳಿಯ ಆಡಳಿತಕ್ಕೆ ಸೇರಿತು. ಒಂದು ಪಾಲು ಜನರು ಗೋವೆಯ ಜತೆಗೇ ಉಳಿದರು. ಮಂಗಳೂರಿಗೆ ಪ್ರತ್ಯೇಕ ಆಡಳಿತ ಬೇಕೆಂದು ರೋಮಿಗೆ ಮನವಿ ಹೋಯಿತು. ಇದರಲ್ಲಿ ಮುಂದೆ ನಿಂತವರು ಫಾ. ಜೋಕಿಂ ಪಿಯುಸ್ ನೊರೊನ್ಹಾ ಮತ್ತು ನ್ಯಾಯಾಧೀಶ ಜಾನ್ ಜೋಸೆಫ್ ಸಲ್ಡಾನ್ಹಾ, ಅಂದರೆ ಒಬ್ಬರು ಗುರು, ಒಬ್ಬರು ಶ್ರೀಸಾಮಾನ್ಯರು. 1845ರಲ್ಲಿ ಮಂಗಳೂರು ವೆರಾಪೊಳಿಯಿಂದ ಬೇರೆಯಾಯಿತು.

ಮಕ್ಕಳಿಗೆ ಉನ್ನತ ಶಿಕ್ಷಣ ಬೇಕು, ಅದಕ್ಕೆ ಯೇಸುಸಭೆಯವರನ್ನು ಕಳುಹಿಸಿ ಎಂದು ಇಲ್ಲಿನ ಪ್ರಮುಖರು ರೋಮಿಗೆ ಮತ್ತೆ ಮತ್ತೆ ಬರೆದರು. ಕೊನೆಗೆ ಪೋಪ್ 13ನೇ ಲಿಯೋ ಒಪ್ಪಿದರು. 1878ರ ಡಿಸೆಂಬರ್ 31ರಂದು ಜೆಸುಯಿತ್ ಗುರುಗಳು ಮಂಗಳೂರಿಗೆ ಬಂದಿಳಿದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. 1886ರಲ್ಲಿ ಮಂಗಳೂರು ಧರ್ಮಪ್ರಾಂತ್ಯವಾಯಿತು. ಶ್ರೀಸಾಮಾನ್ಯರು ಹಟ ಹಿಡಿದದ್ದರಿಂದ ಧರ್ಮಸಭೆಗೆ ನಷ್ಟವೇನೂ ಆಗಲಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಇದಕ್ಕೆ ವಿರುದ್ಧವಾದ ಪಾಠವೂ ನಮ್ಮ ನೆರೆಯಲ್ಲೇ ಇದೆ. 1886ರ ಒಪ್ಪಂದದ ಬಳಿಕ ಗೋವೆಯ ಅಧೀನದಲ್ಲಿದ್ದ ಇಗರ್ಜಿಗಳನ್ನು ಹೊಸ ಆಡಳಿತಕ್ಕೆ ಒಪ್ಪಿಸಿದಾಗ ಬ್ರಹ್ಮಾವರ ಕಡೆಯ ಒಂದು ಗುಂಪು ಒಪ್ಪಲಿಲ್ಲ. ಗೋವೆಯ ಗುರು ಆಲ್ವಾರಿಸ್ 1889ರಲ್ಲಿ ಕೇರಳದ ಸಿರಿಯನ್ ಒರ್ಥೊಡೊಕ್ಸ್ ಸಭೆಯಲ್ಲಿ ಮಾರ್ ಜೂಲಿಯುಸ್ ಎಂಬ ಹೆಸರಿನಲ್ಲಿ ಬಿಷಪರಾದರು. ಫಾ. ರೋಕ್ ಝೆಫ್ರಿನ್ ನೊರೊನ್ಹಾ ಬ್ರಹ್ಮಾವರದ ಜನರನ್ನು ಮುನ್ನಡೆಸಿದರು. ಒಂದೇ ಮನೆತನದ ಕೊಂಕಣಿ ಮಾತಾಡುವ ಜನ ಎರಡು ಸಭೆಗಳಾಗಿ ಉಳಿದರು. ಕೇಳದೆ ಮಾಡಿದ ತೀರ್ಮಾನ ಎಲ್ಲಿಗೆ ಮುಟ್ಟಬಹುದು ಎಂಬುದನ್ನು ಈ ಘಟನೆ ತೋರಿಸುತ್ತದೆ.

20ನೇ ಶತಮಾನದ ಆರಂಭದಲ್ಲಿ ಶ್ರೀಸಾಮಾನ್ಯರು ತಮ್ಮದೇ ಸಂಸ್ಥೆಗಳನ್ನು ಕಟ್ಟಿದರು. 1912ರಲ್ಲಿ ಮಂಗಳೂರು ಕಥೊಲಿಕ್ ಸಹಕಾರಿ ಬ್ಯಾಂಕ್ ಹುಟ್ಟಿತು. 1914ರಲ್ಲಿ ದಕ್ಷಿಣ ಕನ್ನಡ ಕಥೊಲಿಕ್ ಸಂಘ ಆರಂಭವಾಯಿತು. ಮುಂದೆ ಬಂದ ಕಥೊಲಿಕ್ ಸಭಾ ಧರ್ಮಕೇಂದ್ರಗಳಲ್ಲಿ ಘಟಕಗಳನ್ನು ಹೊಂದಿದೆ. ಬ್ಯಾಂಕು ನಡೆಸಬಲ್ಲ, ಲೆಕ್ಕಪತ್ರ ತಿಳಿದ ಜನ ನಮ್ಮಲ್ಲಿ ನೂರು ವರ್ಷಗಳಿಂದ ಇದ್ದಾರೆ.

ಧರ್ಮಸಭೆಯ ಕಾನೂನು ಏನು ಹೇಳುತ್ತದೆ

ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಧರ್ಮಸಭೆಯ ಕುರಿತು ಮತ್ತು 1965ರಲ್ಲಿ ಶ್ರೀಸಾಮಾನ್ಯರ ಪ್ರೇಷಿತಕಾರ್ಯದ ಕುರಿತು ದಾಖಲೆಗಳನ್ನು ಹೊರಡಿಸಿತು. ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರೂ ಧರ್ಮಸಭೆಯ ಕೆಲಸದಲ್ಲಿ ಪಾಲುದಾರರು ಎಂಬುದು ಅವುಗಳ ತಿರುಳು. 1983ರ ಕಾನೂನು ಸಂಹಿತೆ ಇದನ್ನು ನಿಯಮಗಳ ರೂಪಕ್ಕೆ ತಂದಿತು. ನಮಗೆ ಬೇಕಾದ ಮುಖ್ಯ ನಿಯಮಗಳು ಇವು:

ಕೆನನ್ 515: ಧರ್ಮಕೇಂದ್ರವೆಂದರೆ ಕಟ್ಟಡವಲ್ಲ, ವಿಶ್ವಾಸಿಗಳ ಸ್ಥಿರ ಸಮುದಾಯ. ಅದಕ್ಕೆ ತನ್ನದೇ ಕಾನೂನುಬದ್ಧ ವ್ಯಕ್ತಿತ್ವವಿದೆ.

ಕೆನನ್ 532: ಕಾನೂನಿನ ವ್ಯವಹಾರಗಳಲ್ಲಿ ಧರ್ಮಕೇಂದ್ರವನ್ನು ಪ್ರತಿನಿಧಿಸುವವರು ಧರ್ಮಗುರುಗಳು. ಆಸ್ತಿಪಾಸ್ತಿಯನ್ನು ನಿಯಮದಂತೆ ನೋಡಿಕೊಳ್ಳುವ ಹೊಣೆಯೂ ಅವರದು.

ಕೆನನ್ 536: ಬಿಷಪರು ಸೂಕ್ತವೆಂದು ಕಂಡರೆ ಪ್ರತಿ ಧರ್ಮಕೇಂದ್ರದಲ್ಲೂ ಪಾಲನಾ ಮಂಡಳಿ ಇರಬೇಕು. ಗುರುಗಳೇ ಅದರ ಅಧ್ಯಕ್ಷರು. ಮಂಡಳಿಗೆ ಇರುವುದು ಸಲಹೆಯ ಅಧಿಕಾರ ಮಾತ್ರ.

ಕೆನನ್ 537: ಹಣಕಾಸು ಸಮಿತಿ ಮಾತ್ರ ಕಡ್ಡಾಯ. ಇದಕ್ಕೆ ವಿನಾಯಿತಿ ಇಲ್ಲ.

ಕೆನನ್ 1267: ಒಂದು ಉದ್ದೇಶಕ್ಕೆಂದು ಕೊಟ್ಟ ಕಾಣಿಕೆಯನ್ನು ಅದೇ ಉದ್ದೇಶಕ್ಕೆ ಬಳಸಬೇಕು. ಬಡವರಿಗೆಂದು ಕೊಟ್ಟದ್ದು ನೆಲದ ಟೈಲ್ಸ್‌ಗೆ ಹೋಗುವಂತಿಲ್ಲ.

ಕೆನನ್ 1287: ಆಡಳಿತ ನಡೆಸುವವರು ವರ್ಷಕ್ಕೊಮ್ಮೆ ಬಿಷಪರಿಗೆ ಲೆಕ್ಕ ಒಪ್ಪಿಸಬೇಕು. ಜನರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಧರ್ಮಪ್ರಾಂತ್ಯದ ನಿಯಮದಂತೆ ಜನರಿಗೂ ಕೊಡಬೇಕು.

ಕೆನನ್ 212: ಧರ್ಮಸಭೆಯ ಒಳಿತಿಗೆ ಸಂಬಂಧಿಸಿದ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಗುರುಹಿರಿಯರಿಗೆ ತಿಳಿಸುವುದು ವಿಶ್ವಾಸಿಗಳ ಹಕ್ಕು, ಕೆಲವೊಮ್ಮೆ ಕರ್ತವ್ಯ ಕೂಡ. ಆದರೆ ಅದು ಗೌರವದಿಂದ, ಇತರರ ಮಾನಕ್ಕೆ ಕುಂದು ಬಾರದಂತೆ ಇರಬೇಕು.

ಕೆನನ್ 222: ಧರ್ಮಸಭೆಯ ಅಗತ್ಯಗಳಿಗೆ ನೆರವಾಗುವುದು ವಿಶ್ವಾಸಿಗಳ ಕರ್ತವ್ಯ.

ಇವನ್ನು ಒಟ್ಟಾಗಿ ಓದಿದರೆ ಒಂದು ವಿಷಯ ಸ್ಪಷ್ಟ. ತೀರ್ಮಾನದ ಅಧಿಕಾರ ಗುರುಗಳಲ್ಲಿದೆ, ಲೆಕ್ಕ ಕೇಳುವ ಹಕ್ಕು ಜನರಲ್ಲಿದೆ. ಮೊದಲನೆಯದನ್ನು ಮಾತ್ರ ಓದಿದ ಗುರುಗಳು, ಎರಡನೆಯದನ್ನು ಮಾತ್ರ ಓದಿದ ಶ್ರೀಸಾಮಾನ್ಯರು ಎದುರಾದಾಗ ಮನಸ್ತಾಪ ಶುರುವಾಗುತ್ತದೆ.

ನಮ್ಮ ಧರ್ಮಕೇಂದ್ರಗಳ ರಚನೆ

ಮಂಗಳೂರು ಧರ್ಮಪ್ರಾಂತ್ಯದಲ್ಲಿ ಧರ್ಮಕೇಂದ್ರವನ್ನು ವಾಳೆಗಳಾಗಿ ವಿಂಗಡಿಸಲಾಗಿದೆ. ಪ್ರತಿ ವಾಳೆಗೆ ಗುರಿಕಾರರು ಮತ್ತು ಪ್ರತಿನಿಧಿಗಳಿರುತ್ತಾರೆ. ಇವರೊಡನೆ ಸಂಘಟನೆಗಳ ಮುಖ್ಯಸ್ಥರು, ಆಯೋಗಗಳ ಸಂಯೋಜಕರು, ಧರ್ಮಭಗಿನಿಯರು ಸೇರಿ ಪಾಲನಾ ಮಂಡಳಿ ರೂಪುಗೊಳ್ಳುತ್ತದೆ. ಉಪಾಧ್ಯಕ್ಷರು ಮತ್ತು ಕಾರ್ಯದರ್ಶಿ ಶ್ರೀಸಾಮಾನ್ಯರು. ಹಲವು ಧರ್ಮಕೇಂದ್ರಗಳಿಗೆ ಶಾಲೆಯೂ ಇದೆ. ಅಲ್ಲಿ ಧರ್ಮಗುರುಗಳೇ ಸಂಚಾಲಕರು.

ಮನಸ್ತಾಪ ಎಲ್ಲಿ ಹುಟ್ಟುತ್ತದೆ

ಮೊದಲನೆಯದು ಹಣ. ಹಿಂದೆ ಹಲವು ಇಗರ್ಜಿಗಳಿಗೆ ಗೇಣಿಯ ಗದ್ದೆ, ತೋಟಗಳಿಂದ ಆದಾಯವಿತ್ತು. 1974ರ ಭೂಸುಧಾರಣೆಯಲ್ಲಿ ದೇವಸ್ಥಾನ, ಮಠಗಳ ಗೇಣಿ ಭೂಮಿಯಂತೆ ಇಗರ್ಜಿಗಳ ಗೇಣಿ ಭೂಮಿಯೂ ಉಳುವವರಿಗೆ ಹೋಯಿತು. ಅಲ್ಲಿಂದ ಮುಂದೆ ಧರ್ಮಕೇಂದ್ರ ನಡೆಯುವುದು ಮನೆಮನೆಯ ವಂತಿಗೆ, ಕಾಣಿಕೆ ಮತ್ತು ಗಲ್ಫ್‌ನಿಂದ ಬಂದ ದೇಣಿಗೆಯ ಮೇಲೆ. ಗದ್ದೆಯ ಅಕ್ಕಿಯ ಲೆಕ್ಕವನ್ನು ಕೇಳದಿದ್ದ ಜನರು ತಮ್ಮ ಜೇಬಿನ ಹಣದ ಲೆಕ್ಕವನ್ನು ಕೇಳುವುದು ಸಹಜ. ಇದನ್ನು ಅವಿಶ್ವಾಸವೆಂದು ತಿಳಿಯಬಾರದು.

ಎರಡನೆಯದು ಕಟ್ಟಡ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬ ಗುರುಗಳು ಹೊಸ ಇಗರ್ಜಿಗೆ ಅಡಿಗಲ್ಲು ಹಾಕುತ್ತಾರೆ, ಪ್ರತಿ ಕುಟುಂಬಕ್ಕೆ ಇಂತಿಷ್ಟು ಎಂದು ನಿಗದಿಯಾಗುತ್ತದೆ. ಗೋಡೆ ಎದ್ದಾಗ ಅವರಿಗೆ ವರ್ಗವಾಗುತ್ತದೆ. ಬಂದವರು ನಕ್ಷೆ ಬದಲಿಸುತ್ತಾರೆ. ಸಾಲ ಮಾತ್ರ ಜನರ ತಲೆಯ ಮೇಲೆ ಉಳಿಯುತ್ತದೆ. ನಿಗದಿಯಾದ ಹಣ ಕೊಡಲಾಗದ ಬಡ ಕುಟುಂಬ ಮಗಳ ಮದುವೆಯ ಕಾಗದಪತ್ರಕ್ಕೆ ಕಚೇರಿಗೆ ಬರಲು ನಾಚುತ್ತದೆ. ಇಲ್ಲಿ ಯಾರೂ ಹಣ ಕದ್ದಿಲ್ಲ, ಆದರೂ ಗಾಯ ಆಗಿದೆ.

ಮೂರನೆಯದು ಭೂಮಿ. ನಗರದಲ್ಲಿ ಇಗರ್ಜಿಯ ಜಾಗಕ್ಕೆ ಈಗ ಚಿನ್ನದ ಬೆಲೆ. ಬಾಡಿಗೆ, ಮಾರಾಟ, ರಸ್ತೆ ಅಗಲೀಕರಣ ಎಲ್ಲವೂ ಪ್ರಶ್ನೆಗೆ ಎಡೆಮಾಡುತ್ತವೆ. ನಿಗದಿತ ಮಿತಿಗಿಂತ ಹೆಚ್ಚಿನ ಬೆಲೆಯ ಆಸ್ತಿಯನ್ನು ಪರಭಾರೆ ಮಾಡಲು ಬಿಷಪರ ಅನುಮತಿ ಬೇಕು. ಅವರೂ ಧರ್ಮಪ್ರಾಂತ್ಯದ ಹಣಕಾಸು ಸಮಿತಿ ಮತ್ತು ಸಲಹೆಗಾರ ಗುರುಗಳ ಒಪ್ಪಿಗೆ ಪಡೆಯಬೇಕು ಎಂದು ಕೆನನ್ 1292 ಹೇಳುತ್ತದೆ. ಈ ನಿಯಮ ಇದೆಯೆಂಬುದು ಗೊತ್ತಿಲ್ಲದ ಕಡೆ ಗಾಳಿಸುದ್ದಿ ಬೆಳೆಯುತ್ತದೆ.

ನಾಲ್ಕನೆಯದು ಪಾಲನಾ ಮಂಡಳಿಯ ಸಭೆ. ಕಾರ್ಯಸೂಚಿ ಇಲ್ಲದೆ ಕರೆದ ಸಭೆಯಲ್ಲಿ ಮೊದಲೇ ಆದ ತೀರ್ಮಾನವನ್ನು ಓದಿ ಹೇಳಿದರೆ ಅದು ಸಮಾಲೋಚನೆಯಲ್ಲ. ಹಾಗೆಯೇ ಮಂಡಳಿಯ ಸ್ಥಾನವನ್ನು ಊರಿನ ಪ್ರತಿಷ್ಠೆಯ ಮೆಟ್ಟಿಲಾಗಿ ಕಾಣುವವರು, ಹತ್ತು ವರ್ಷ ಅದೇ ಕುರ್ಚಿ ಬಿಡದವರು, ದೊಡ್ಡ ದೇಣಿಗೆ ಕೊಟ್ಟೆನೆಂದು ಮಾತು ನಡೆಯಬೇಕೆನ್ನುವವರು ನಮ್ಮಲ್ಲಿದ್ದಾರೆ. ಹೆಂಗಸರು ಇಗರ್ಜಿಯ ಕೆಲಸದಲ್ಲಿ ಮುಂದೆ, ಹಣಕಾಸಿನ ಮಾತಿನಲ್ಲಿ ಹಿಂದೆ ಎಂಬ ಸ್ಥಿತಿಯೂ ಬದಲಾಗಬೇಕು.

ಗುರುಗಳ ಕಷ್ಟ

ಗುರುಗಳ ಕಡೆಯಿಂದಲೂ ನೋಡಬೇಕು. ಸೆಮಿನರಿಯಲ್ಲಿ ಅವರು ಹೆಚ್ಚಾಗಿ ಕಲಿತದ್ದು ತತ್ವಶಾಸ್ತ್ರ ಮತ್ತು ದೇವಶಾಸ್ತ್ರ. ಧರ್ಮಕೇಂದ್ರಕ್ಕೆ ಬಂದ ದಿನದಿಂದ ಮಾಡಬೇಕಾದದ್ದು ಶಾಲೆಯ ಸಂಬಳ, ಕಟ್ಟಡದ ಪರವಾನಗಿ, ಆದಾಯ ತೆರಿಗೆಯ ಕಾಗದ, ಬಾವಿಯ ಪಂಪ್. ಇದರ ನಡುವೆ ರೋಗಿಗಳ ಭೇಟಿ, ಪಾಪನಿವೇದನೆ, ಮರಣದ ಪೂಜೆ. ಕೆಲವು ವರ್ಷ ಕಳೆದರೆ ವರ್ಗ. ಊಟದ ಮೇಜಿನಲ್ಲಿ ಒಬ್ಬರೇ. ತಪ್ಪು ಕಂಡಾಗ ಎದುರು ಹೇಳದೆ ಬಿಷಪರಿಗೆ ಅನಾಮಧೇಯ ಪತ್ರ ಬರೆಯುವುದು, ವಾಟ್ಸಾಪಿನಲ್ಲಿ ಹಂಚುವುದು ಅವರ ಮನಸ್ಸನ್ನು ಮುರಿಯುತ್ತದೆ. ಅನಾಮಧೇಯ ಪತ್ರಕ್ಕೆ ಉತ್ತರ ಕೊಡಲು ವಿಳಾಸವೂ ಇರುವುದಿಲ್ಲ.

ವಿವಾದ ಬಂದಾಗ ಏನು ಮಾಡಬೇಕು

ಮೊದಲು ಗುರುಗಳನ್ನೇ ಭೇಟಿಯಾಗಿ ಮಾತಾಡಬೇಕು. ಒಬ್ಬರೇ ಹೋಗುವುದಕ್ಕಿಂತ ವಿಷಯ ತಿಳಿದ ಇಬ್ಬರು ಹೋಗುವುದು ಲೇಸು. ಬಗೆಹರಿಯದಿದ್ದರೆ ವಿಷಯವನ್ನು ಪಾಲನಾ ಮಂಡಳಿಯ ಕಾರ್ಯಸೂಚಿಗೆ ಸೇರಿಸಲು ಕಾರ್ಯದರ್ಶಿಗೆ ಲಿಖಿತವಾಗಿ ಕೊಡಬೇಕು, ನಡಾವಳಿಯಲ್ಲಿ ದಾಖಲಾಗುವಂತೆ ನೋಡಬೇಕು. ಮುಂದಿನ ಮೆಟ್ಟಿಲು ವಲಯದ ಪ್ರಧಾನ ಧರ್ಮಗುರುಗಳು, ಆಮೇಲೆ ಬಿಷಪರು. ಪತ್ರಕ್ಕೆ ಹೆಸರು, ಸಹಿ ಮತ್ತು ದಾಖಲೆ ಇರಲಿ.

ಲಿಖಿತ ಆದೇಶದಿಂದ ಅನ್ಯಾಯವಾಗಿದೆ ಎನಿಸಿದರೆ ಅದಕ್ಕೂ ದಾರಿಯಿದೆ. ಆದೇಶ ತಲುಪಿದ 10 ದಿನಗಳೊಳಗೆ ಅದನ್ನು ಹೊರಡಿಸಿದವರಲ್ಲೇ ಮರುಪರಿಶೀಲನೆ ಕೋರಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ 15 ದಿನಗಳೊಳಗೆ ಮೇಲಿನವರಿಗೆ ಮನವಿ ಸಲ್ಲಿಸಬಹುದು. ಕೆನನ್ 1734ರಿಂದ 1737ರವರೆಗೆ ಈ ಕ್ರಮದ ವಿವರಗಳಿವೆ. ಗುರುಗಳನ್ನು ಹುದ್ದೆಯಿಂದ ತೆಗೆಯುವುದಕ್ಕೂ ಕೆನನ್ 1740ರಿಂದ ಮುಂದೆ ಪ್ರತ್ಯೇಕ ವಿಧಾನವಿದೆ. ಗುಂಪುಗೂಡಿ ಗೇಟಿಗೆ ಬೀಗ ಹಾಕುವುದು ಅದರಲ್ಲಿ ಸೇರಿಲ್ಲ. ವಂಚನೆಯಂತಹ ಅಪರಾಧವಾದರೆ ನಾಗರಿಕ ಕಾನೂನು ಎಲ್ಲರಿಗೂ ಒಂದೇ. ಅದನ್ನು ಮುಚ್ಚಿಡುವುದು ಧರ್ಮಸಭೆಯ ಮೇಲಿನ ಪ್ರೀತಿಯಲ್ಲ.

ನೆರೆಯ ಕೇರಳದಲ್ಲಿ ಚರ್ಚ್ ಆಸ್ತಿಯ ಆಡಳಿತಕ್ಕೆ ಪ್ರತ್ಯೇಕ ಕಾನೂನು ಬೇಕೆಂದು 2009ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ನೇತೃತ್ವದ ಆಯೋಗ ಕರಡು ಮಸೂದೆ ಕೊಟ್ಟಿತ್ತು. ಧರ್ಮಸಭೆಗಳು ಅದನ್ನು ವಿರೋಧಿಸಿದವು. ಸರಕಾರ ಒಳಗೆ ಬರಬಾರದು ಎನ್ನುವವರು ಮನೆಯೊಳಗಿನ ಲೆಕ್ಕವನ್ನು ತಾವೇ ಸರಿಯಾಗಿ ಇಡಬೇಕಾಗುತ್ತದೆ.

ಈಚಿನ ಬೆಳವಣಿಗೆ

2020ರ ಜುಲೈಯಲ್ಲಿ ವ್ಯಾಟಿಕನ್‌ನ ಗುರುಗಳ ವಿಭಾಗ ಧರ್ಮಕೇಂದ್ರಗಳ ಕುರಿತು ಸೂಚನಾ ಪತ್ರ ಹೊರಡಿಸಿ ಹಣಕಾಸು ಸಮಿತಿ ಮತ್ತು ಪಾರದರ್ಶಕತೆಯ ಮಹತ್ವವನ್ನು ನೆನಪಿಸಿತು. 2021ರಲ್ಲಿ ಪೋಪ್ ಫ್ರಾನ್ಸಿಸ್ ಆರಂಭಿಸಿದ ಸಿನೊಡ್ ಪ್ರಕ್ರಿಯೆಯಲ್ಲಿ ನಮ್ಮ ವಾಳೆಗಳಲ್ಲೂ ಜನರ ಅಭಿಪ್ರಾಯ ಕೇಳಲಾಯಿತು. 2024ರ ಅಕ್ಟೋಬರ್ 26ರಂದು ಅಂಗೀಕಾರವಾದ ಅಂತಿಮ ದಾಖಲೆ ಪಾಲನಾ ಮಂಡಳಿಯಂತಹ ಸಮಿತಿಗಳು ಕಡ್ಡಾಯವಾಗಬೇಕು, ವಾರ್ಷಿಕ ಲೆಕ್ಕ ಪ್ರಕಟವಾಗಬೇಕು ಎಂದು ಒತ್ತಾಯಿಸಿದೆ. ಸಲಹೆ ಕೇಳಿ ಅದನ್ನು ಬದಿಗಿಡುವುದಾದರೆ ಕಾರಣ ಹೇಳಬೇಕು ಎಂಬುದು ಅದರ ಆಶಯ.

ದೊಡ್ಡ ಬದಲಾವಣೆಗೆ ಕಾಯಬೇಕಾಗಿಲ್ಲ. ಮೂರು ತಿಂಗಳಿಗೊಮ್ಮೆ ಇಗರ್ಜಿಯ ಫಲಕದಲ್ಲಿ ಆದಾಯ-ಖರ್ಚಿನ ಒಂದು ಹಾಳೆ. ಸಭೆಗೆ ಒಂದು ವಾರ ಮುಂಚೆ ಕಾರ್ಯಸೂಚಿ. ವರ್ಗವಾಗುವಾಗ ಹಳೆಯ ಗುರುಗಳಿಂದ ಹೊಸ ಗುರುಗಳಿಗೆ ಮಂಡಳಿಯ ಸಮ್ಮುಖದಲ್ಲಿ ಸಾಲ, ಠೇವಣಿ, ಮುಗಿಯದ ಕೆಲಸಗಳ ಪಟ್ಟಿ. ಕುಟುಂಬದ ವಂತಿಗೆಗೂ ಸಂಸ್ಕಾರಕ್ಕೂ ಸಂಬಂಧ ಬೇಡ. ಈ ನಾಲ್ಕನ್ನು ಪಾಲಿಸಿದರೆ ಅಂಗಳದ ಅರ್ಧ ಮಾತು ನಿಲ್ಲುತ್ತದೆ.

ಗುರುಗಳು ಇಂದು ಬಂದು ನಾಳೆ ಹೋಗುವವರು. ಪಾಲನಾ ಮಂಡಳಿಯ ಅವಧಿಯೂ ಮುಗಿಯುವಂಥದ್ದೇ. ನಮ್ಮ ಹಿರಿಯರನ್ನು ಮಣ್ಣು ಮಾಡಿದ ಜಾಗ, ಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟ ಇಗರ್ಜಿ ಮಾತ್ರ ಅಲ್ಲೇ ಇರುತ್ತದೆ. ಅಲ್ಲಿಗೆ ಹೋಗುವುದನ್ನು ಒಂದು ಕುಟುಂಬ ಬೇಸರದಿಂದ ನಿಲ್ಲಿಸಿದರೂ ಆ ನಷ್ಟ ಗುರುಗಳಿಗೂ ಶ್ರೀಸಾಮಾನ್ಯರಿಗೂ ಸಮಾನ.