ಮೈಲಾರದ ಕಾರ್ಣಿಕವೂ ಪುರುಷಪ್ರಯತ್ನವೂ

ಮನುಷ್ಯನ ಬಾಳುವೆಯು ದೈವಾಧೀನವೋ, ಪುರುಷಪ್ರಯತ್ನಕ್ಕೆ ಒಳಪಟ್ಟುದೋ, ಅಥವಾ ಎರಡೂ ಅಲ್ಲದ ಯದೃಚ್ಛೆಯ ಆಟವೋ ಎಂಬ ಪ್ರಶ್ನೆಯು ಪಂಡಿತರ ಗ್ರಂಥಗಳಲ್ಲಿ ಮಾತ್ರ ಹುಟ್ಟಿದುದಲ್ಲ. ಬಿತ್ತನೆಯ ಬೀಜವನ್ನು ಮಡಿಲಲ್ಲಿಟ್ಟುಕೊಂಡು ಮುಗಿಲನ್ನು ನೋಡುವ ಪ್ರತಿಯೊಬ್ಬ ಬೇಸಾಯಗಾರನ ಮನಸ್ಸಿನಲ್ಲಿಯೂ ಅದು ವರುಷಕ್ಕೊಮ್ಮೆ ಹುಟ್ಟಿಯೇ ಹುಟ್ಟುತ್ತದೆ. ನಮ್ಮ ನಾಡಿನಲ್ಲಿ ಈ ಪ್ರಶ್ನೆಯನ್ನು ಲಕ್ಷಾಂತರ ಜನರು ಒಂದೇ ಬಯಲಿನಲ್ಲಿ ನಿಂತು, ಒಂದೇ ಕ್ಷಣದಲ್ಲಿ, ಮೌನದಿಂದ ಕೇಳುವ ಸ್ಥಳವೊಂದುಂಟು. ಅದುವೇ ಹೂವಿನ ಹಡಗಲಿ ತಾಲ್ಲೂಕಿಗೆ ಸೇರಿದ, ತುಂಗಭದ್ರೆಯ ತೀರದ ಮೈಲಾರ. ಆ ಸ್ಥಳದ ಸಂಪ್ರದಾಯವನ್ನೂ, ಆ ಸೀಮೆಯ ಚರಿತ್ರೆಯನ್ನೂ ಜತೆಯಲ್ಲಿಟ್ಟು ನೋಡಿ, ಮೇಲಣ ಪ್ರಶ್ನೆಗೆ ನಮ್ಮ ಹಿರಿಯರ ಅನುಭವವು ಏನು ಉತ್ತರವನ್ನೀಯುತ್ತದೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶವಾಗಿರುತ್ತದೆ.

ಮೈಲಾರಲಿಂಗನನ್ನು ಮಹಾರಾಷ್ಟ್ರದವರು ಖಂಡೋಬನೆಂದೂ, ತೆಲುಗು ನಾಡಿನವರು ಮಲ್ಲಣ್ಣನೆಂದೂ ಕರೆಯುತ್ತಾರೆ. ಮಣಿ, ಮಲ್ಲರೆಂಬ ದೈತ್ಯರನ್ನು ಶಿವನು ಈ ರೂಪದಿಂದ ಸಂಹರಿಸಿದನೆಂಬುದು ಜನರ ನಂಬಿಕೆ. ಕರಿಯ ಕಂಬಳಿಯ ನಿಲುವಂಗಿಯನ್ನು ತೊಟ್ಟು, ಕರಡಿಯ ಕೂದಲಿನ ಕುಲಾವಿಯನ್ನು ಧರಿಸಿ, ಡಮರುಗವನ್ನು ನುಡಿಸುತ್ತ, ಭಂಡಾರವನ್ನು ಹಚ್ಚುವ ಗೊರವರು ಈತನ ಒಕ್ಕಲು. ಮಾಘ ಮಾಸದ ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಡೆಂಕನ ಮರಡಿಯೆಂಬ ಬಯಲಿನಲ್ಲಿ, ವ್ರತಸ್ಥನಾಗಿ ಉಪವಾಸವಿದ್ದ ಗೊರವಯ್ಯನು ಆಳೆತ್ತರವನ್ನು ಬಹಳವಾಗಿ ಮೀರಿದ ಬಿಲ್ಲನ್ನೇರಿ, ‘ಸದ್ದಲೇ’ ಎಂದು ಗರ್ಜಿಸುತ್ತಾನೆ. ಆಗ ಆ ಜನಸಾಗರವು ಉಸಿರನ್ನು ಬಿಗಿಹಿಡಿಯುತ್ತದೆ; ಎತ್ತುಗಳ ಕೊರಳ ಗೆಜ್ಜೆಯ ಸದ್ದೂ ಕೇಳಬಾರದೆಂಬಷ್ಟು ಮೌನವು ಆವರಿಸುತ್ತದೆ. ಗೊರವಯ್ಯನು ಆಕಾಶವನ್ನು ದಿಟ್ಟಿಸಿ ಒಂದೇ ಒಂದು ಸಣ್ಣ ವಾಕ್ಯವನ್ನು ನುಡಿದು, ಮೇಲಿಂದ ಕೆಳಕ್ಕೆ ಧುಮುಕುತ್ತಾನೆ. ಕೆಳಗೆ ನಿಂತವರು ಅವನನ್ನು ಹಿಡಿದುಕೊಳ್ಳುತ್ತಾರೆ. ಆ ವಾಕ್ಯವೇ ಕಾರ್ಣಿಕ. ಅದು ವರುಷದ ಮಳೆ, ಬೆಳೆ, ರಾಜ್ಯಭಾರಗಳ ಮುನ್ಸೂಚನೆಯೆಂದು ಜನರು ಭಾವಿಸುತ್ತಾರೆ.

‘ಕಾರ್ಣಿಕ’ವೆಂಬ ಶಬ್ದವನ್ನು ನಾವು ಗಮನಿಸತಕ್ಕದ್ದಾಗಿದೆ. ಅದು ‘ಕಾರಣ’ದಿಂದ ಬಂದುದು, ‘ಹಣೆಬರಹ’ವೆಂಬುದರಿಂದ ಬಂದುದಲ್ಲ. ಹಣೆಬರಹವು ಬರೆದು ಮುಗಿದ ಓಲೆ. ಅದನ್ನು ಓದಿಕೊಳ್ಳುವುದರ ಹೊರತು ಬೇರೆ ಕೆಲಸವಿಲ್ಲ. ಕಾರಣವಾದರೋ ಕಾರ್ಯವನ್ನು ಬೇಡುತ್ತದೆ. ಕಾರ್ಣಿಕದ ವಾಕ್ಯವು ಎಂದೂ ಇಂಥ ದಿನ ಇಷ್ಟು ಮಳೆಯೆಂದು ಹೇಳುವುದಿಲ್ಲ. ಕೇಳಿದವನೇ ಅದರ ಅರ್ಥವನ್ನು ಮಾಡಿಕೊಳ್ಳಬೇಕು.

ಇದಕ್ಕೆ ಒಂದು ನಿದರ್ಶನವನ್ನು ಕೊಡುವೆವು. 2023ರ ಫೆಬ್ರವರಿಯಲ್ಲಿ ಹೊರಟ ನುಡಿಯು ‘ಅಂಬಲಿ ಹಳಸಿತು, ಕಂಬಳಿ ಬೀಸಿತಲೇ ಪರಾಕ್’ ಎಂದಾಗಿತ್ತು. ಅಂಬಲಿಯು ಹಳಸುವುದೇಕೆ? ಮನೆಯಲ್ಲಿ ಅನ್ನವು ಹೆಚ್ಚಿ, ಅಂಬಲಿಯನ್ನು ಕೇಳುವವರಿಲ್ಲದಿದ್ದರೆ ಅದು ಹಳಸೀತು, ಅದು ಸುಭಿಕ್ಷ. ಉಣ್ಣಬೇಕಾದವರು ಊರು ಬಿಟ್ಟು ಹೋದರೂ ಹಳಸೀತು, ಅದು ದುರ್ಭಿಕ್ಷ. ಒಂದೇ ಮಾತಿನಲ್ಲಿ ಎರಡು ಬಾಗಿಲು. ಆ ವರುಷ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರ್ಕಾರವು ಬರಪೀಡಿತವೆಂದು ಸಾರಬೇಕಾಯಿತು. ಕಾರ್ಣಿಕವು ಫಲಿಸಿತೋ ಇಲ್ಲವೋ ಎಂಬ ವಾದವು ನಮಗೆ ಬೇಡ. ಎರಡು ಅರ್ಥವುಳ್ಳ ಮಾತು ಯಾವಾಗಲೂ ಫಲಿಸಿಯೇ ತೀರುತ್ತದೆ. ನಾವು ನೋಡಬೇಕಾದುದು ಬೇರೊಂದು. ಕಾರ್ಣಿಕವು ಶುಭವೆಂದು ತಿಳಿದವನೂ, ಅಶುಭವೆಂದು ತಿಳಿದವನೂ ಮನೆಗೆ ಹಿಂದಿರುಗಿ ಮಾಡಿದ ಕೆಲಸ ಒಂದೇ: ಕುಂಟೆ ಕೂರಿಗೆಗಳನ್ನು ಸರಿಪಡಿಸಿಕೊಂಡು, ರೋಹಿಣಿ ಮೃಗಶಿರಗಳ ಹೊತ್ತಿಗೆ ಹೊಲವನ್ನು ಹಸನು ಮಾಡಿದನು. ದೈವವನ್ನು ಕೇಳಿಯೂ ದುಡಿಮೆಯನ್ನು ಬಿಡದ ಈ ನಡತೆಯಲ್ಲಿ ಪಂಡಿತರ ಹಲವು ವಾದಗಳಿಗಿಂತ ಹೆಚ್ಚಿನ ತತ್ತ್ವವು ಅಡಗಿದೆ.

ಆದರೆ ದುಡಿಮೆಯು ಯಾವಾಗಲೂ ಗೆಲ್ಲುವುದೇ? ಇಲ್ಲವೆಂದು ಈ ಸೀಮೆಯ ಚರಿತ್ರೆಯೇ ಹೇಳುತ್ತದೆ. 1800ರಲ್ಲಿ ಹೈದರಾಬಾದಿನ ನಿಜಾಮನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ ದತ್ತಮಂಡಲದಲ್ಲಿ ಈ ನಾಡು ಸೇರಿತ್ತು. ಅನಂತರ ಬಳ್ಳಾರಿ ಜಿಲ್ಲೆಯ ಭಾಗವಾಗಿ 1953ರ ವರೆಗೆ ಮದರಾಸಿನ ಆಡಳಿತಕ್ಕೆ ಒಳಪಟ್ಟಿದ್ದಿತು. 2021ರಿಂದ ವಿಜಯನಗರ ಜಿಲ್ಲೆಯೆನಿಸಿದೆ. ಆಡಳಿತಗಳು ಬದಲಾದರೂ ಮಳೆಯ ಚಂಚಲತೆಯು ಬದಲಾಗಲಿಲ್ಲ. ಪಕ್ಕದಲ್ಲಿ ನದಿಯು ಹರಿದರೂ, ಎತ್ತರದ ಮಸಾರಿ ಮತ್ತು ಎರೆಯ ಹೊಲಗಳು ನೋಡುವುದು ಮುಗಿಲನ್ನೇ. 1876ರಲ್ಲಿ ಮುಂಗಾರು ಸೊರಗಿತು. ಹಿಂಗಾರು ಬರಲೇ ಇಲ್ಲ. ಆಗ ಆರಂಭವಾದ ಮಹಾಕ್ಷಾಮವು 1878ರ ವರೆಗೆ ದಕ್ಷಿಣ ದೇಶವನ್ನು ಸುಟ್ಟಿತು. ಅದರ ಉರಿಯು ಅತ್ಯಂತ ತೀವ್ರವಾಗಿ ತಾಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಒಟ್ಟಿನಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಜನರು ಮಡಿದರೆಂದು ಲೆಕ್ಕವುಂಟು. ಅವರಲ್ಲಿ ಸೋಮಾರಿಗಳೆಷ್ಟು ಮಂದಿ? ಹೊಲವನ್ನು ಉಳದವರೆಷ್ಟು ಮಂದಿ? ಪ್ರಯತ್ನವೊಂದೇ ಸಾಕೆಂದು ಹೇಳುವವರು ಈ ಮೃತರ ಮುಂದೆ ತಲೆಯನ್ನು ತಗ್ಗಿಸಬೇಕಾಗುತ್ತದೆ.

ಹಾಗಾದರೆ ಇದು ದೈವದ ಕೃತ್ಯವೇ? ಮಳೆಯು ಬಾರದೆ ಹೋದುದು ಮನುಷ್ಯನ ಕೈಯಲ್ಲಿದ್ದುದಲ್ಲ, ನಿಜ. ಆದರೆ ಮಳೆ ಬಾರದಿರುವುದು ಒಂದು, ಮನುಷ್ಯನು ಹಸಿದು ಸಾಯುವುದು ಇನ್ನೊಂದು. ಇವೆರಡರ ನಡುವೆ ಹಲವು ಮನುಷ್ಯರ ಹಲವು ನಿಶ್ಚಯಗಳು ನಿಂತಿರುತ್ತವೆ. ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯ ಚರಿತ್ರೆಯು ಇದಕ್ಕೆ ಸಾಕ್ಷಿ. 1873-74ರಲ್ಲಿ ಬಿಹಾರಕ್ಕೆ ಕ್ಷಾಮವು ಬಂದಾಗ ಈತನೇ ಬರ್ಮಾದಿಂದ ಅಕ್ಕಿಯನ್ನು ತರಿಸಿ, ಕೈಬಿಚ್ಚಿ ಹಂಚಿಸಿದನು. ಅಲ್ಲಿ ಹಸಿವಿನ ಸಾವು ಬಹುಮಟ್ಟಿಗೆ ತಪ್ಪಿತು. ಆದರೆ ಮೇಲಿನವರು ಅವನನ್ನು ದುಂದುಗಾರನೆಂದು ಮೂದಲಿಸಿದರು. ಮೂರು ವರುಷಗಳ ತರುವಾಯ ವೈಸರಾಯ್ ಲಿಟ್ಟನ್ನನ ಪ್ರತಿನಿಧಿಯಾಗಿ ಮದರಾಸಿನ ಸೀಮೆಗೆ ಬಂದಾಗ ಅದೇ ಟೆಂಪಲ್ಲನು, ಪರಿಹಾರದ ಕಾಮಗಾರಿಯಲ್ಲಿ ಕಲ್ಲು ಮಣ್ಣು ಹೊರುವ ಗಂಡಾಳಿಗೆ ದಿನವೊಂದಕ್ಕೆ ಒಂದು ಪೌಂಡು ಧಾನ್ಯ ಹಾಗೂ ಅಲ್ಪ ಪುಡಿಗಾಸು ಸಾಕೆಂದು ಕೂಲಿಯನ್ನು ಇಳಿಸಿದನು. ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಎಂಬುವನು, ಇಷ್ಟರಲ್ಲಿ ದುಡಿಯುವ ದೇಹವು ಉಳಿಯಲಾರದೆಂದು ಪಟ್ಟುಹಿಡಿದು ವಾದಿಸಿದನು. 1877ರಲ್ಲಿಯೇ ಆ ಕೂಲಿಯನ್ನು ಮತ್ತೆ ಏರಿಸಬೇಕಾಯಿತು. ಇತ್ತ ಇಷ್ಟು ನಡೆಯುತ್ತಿರಲು, ಅತ್ತ ದೇಶದ ಧಾನ್ಯವು ಹಡಗುಗಳಲ್ಲಿ ಹೊರಕ್ಕೆ ಸಾಗುತ್ತಲೇ ಇದ್ದಿತು.

ಒಬ್ಬನೇ ಮನುಷ್ಯ, ಎರಡು ಕ್ಷಾಮ, ಎರಡು ಬಗೆಯ ನಡತೆ. ಮುಗಿಲು ಎರಡು ಕಡೆಯೂ ಮುನಿದಿತ್ತು. ಆದರೆ ಒಂದು ಕಡೆ ಜನರು ಉಳಿದರು, ಇನ್ನೊಂದು ಕಡೆ ಅಳಿದರು. ಇದನ್ನು ಹಣೆಬರಹವೆಂದು ಕರೆಯುವುದು ಹಣೆಯನ್ನು ಬರೆದವನಿಗೂ ಮಾಡುವ ಅಪಚಾರ. ಸತ್ತವರ ವಿಷಯದಲ್ಲಿ ‘ಅವರ ಪೂರ್ವಕರ್ಮ’ವೆಂಬ ಮಾತು ಬಹು ಸುಲಭವಾಗಿ ನಾಲಗೆಗೆ ಬರುತ್ತದೆ. ಅದು ಸತ್ತವರಿಗೆ ಸಮಾಧಾನವನ್ನು ಕೊಡುವುದಿಲ್ಲ. ಬದುಕಿದವರ ಹೊಣೆಯನ್ನು ಮಾತ್ರ ಮರೆಸುತ್ತದೆ.

ಕ್ಷಾಮದ ಬಳಿಕ ನೇಮಕವಾದ ಆಯೋಗವು 1880ರಲ್ಲಿ ತನ್ನ ವರದಿಯನ್ನೊಪ್ಪಿಸಿತು. ಅದರಿಂದ ಕ್ಷಾಮನಿವಾರಣೆಯ ನಿಬಂಧನೆಗಳು ಹುಟ್ಟಿದವು. 1875ರಲ್ಲಿ ಸ್ಥಾಪಿತವಾಗಿದ್ದ ಹವಾಮಾನ ಇಲಾಖೆಯು ಮಳೆಯ ಮುನ್ಸೂಚನೆಯನ್ನು ಕೊಡಬೇಕೆಂಬ ಒತ್ತಾಯವೂ ಬೆಳೆಯಿತು. ಅದರ ಮುಖ್ಯಸ್ಥ ಬ್ಲಾನ್‌ಫರ್ಡನು ಹಿಮಾಲಯದ ಹಿಮರಾಶಿಯನ್ನು ಆಧಾರವಾಗಿಟ್ಟುಕೊಂಡು 1886ರಲ್ಲಿ ದೇಶದ ಮುಂಗಾರಿನ ಭವಿಷ್ಯವನ್ನು ಸಾರಿದನು. ಇದೂ ಒಂದು ಬಗೆಯ ಕಾರ್ಣಿಕವೇ. ಬಿಲ್ಲಿಗೆ ಬದಲಾಗಿ ಅಂಕಿಗಳ ಏಣಿ. ಈ ಏಣಿಯೂ ಜಾರದೆ ಇರಲಿಲ್ಲ. 1899ರಲ್ಲಿ ಒಳ್ಳೆಯ ಮಳೆಯಾಗುವುದೆಂದು ಹೇಳಿದ ವರುಷವೇ ಭೀಕರ ಬರವು ಬಂದಿತು. ಆ ಬಳಿಕ ಇಲಾಖೆಯ ಮುಖ್ಯಸ್ಥನಾದ ಗಿಲ್ಬರ್ಟ್ ವಾಕರನು ಭೂಮಂಡಲದ ನಾನಾ ದಿಕ್ಕುಗಳ ವಾಯುಭಾರದ ಅಂಕಿಗಳನ್ನು ಹೋಲಿಸಿ, ದೂರದ ಶಾಂತಸಾಗರದ ಮೇಲಣ ಗಾಳಿಯ ಏರಿಳಿತಕ್ಕೂ ನಮ್ಮ ಮುಂಗಾರಿಗೂ ನಂಟುಂಟೆಂದು ತೋರಿಸಿದನು. ಆ ಸಾಗರದ ನೀರು ಬೆಚ್ಚಗಾಗುವ ‘ಎಲ್ ನಿನೋ’ ಎಂಬ ವಿದ್ಯಮಾನವು 1877ರಲ್ಲಿ ಅತಿ ಪ್ರಬಲವಾಗಿತ್ತೆಂಬುದನ್ನು ಇಂದು ವಿಜ್ಞಾನಿಗಳು ಬಲ್ಲರು. ಅಂದರೆ ನಮ್ಮ ಹಿರಿಯರು ದೈವದ ಮುನಿಸೆಂದು ತಿಳಿದುದಕ್ಕೆ ಒಂದು ಕಾರಣವಿದ್ದಿತು. ಆದರೆ ಕಾರಣವನ್ನು ಬಲ್ಲೆವೆಂದ ಮಾತ್ರಕ್ಕೆ ಫಲವನ್ನು ಬಲ್ಲೆವೆಂದು ಹೇಳಲಾಗದು. 1997ರಲ್ಲಿ ಅದೇ ಎಲ್ ನಿನೋ ಮಹಾಬಲದಿಂದ ಬಂದಿತು; ಎಲ್ಲರೂ ಬರವನ್ನು ನಿರೀಕ್ಷಿಸಿದರು; ಭಾರತದ ಮಳೆಯು ಸರಾಸರಿಗೆ ಕಡಿಮೆಯಾಗಲೇ ಇಲ್ಲ! ಕಾರಣಗಳು ಸಾವಿರವಿದ್ದು ನಾವು ಕೆಲವನ್ನು ಮಾತ್ರ ಅರಿತಿರುವಾಗ, ಉಳಿದವುಗಳ ಒಟ್ಟು ಹೆಸರೇ ಯದೃಚ್ಛೆ.

ಈಗ ನಮ್ಮ ಶರಣರ ಕಡೆಗೆ ತಿರುಗೋಣ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ನೆರೆದ ಬಸವಾದಿ ಪ್ರಮಥರು ಶಕುನ, ಕಣಿ, ಮುಹೂರ್ತಗಳಿಗೆ ತಲೆಬಾಗಲಿಲ್ಲ. ಶಿವಭಕ್ತನಿಗೆ ಎಲ್ಲ ದಿನವೂ ಶುಭದಿನವೆಂಬುದು ಅವರ ನಿಲುವು. ಆದಕಾರಣ ಕಾರ್ಣಿಕವನ್ನು ಸಿದ್ಧಾಂತವಾಗಿ ಅವರು ಒಪ್ಪುತ್ತಿರಲಿಲ್ಲವೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಹಾಗಿದ್ದರೂ ಕೊಟ್ಟೂರು, ಉಜ್ಜಿನಿಗಳಂಥ ಶಿವಕ್ಷೇತ್ರಗಳಿರುವ ಈ ಸೀಮೆಯ ಭಕ್ತನು ಡೆಂಕನ ಮರಡಿಯಲ್ಲಿಯೂ ನಿಲ್ಲುತ್ತಾನೆ. ಅವನನ್ನು ಹಳಿಯುವುದು ಸುಲಭ. ಹಳಿಯುವ ಮೊದಲು, ಮುಗಿಲನ್ನು ನಂಬಿ ಬದುಕುವವನ ಭಯವನ್ನು ನಾವು ಎಷ್ಟು ಹಂಚಿಕೊಂಡಿದ್ದೇವೆಂದು ಕೇಳಿಕೊಳ್ಳತಕ್ಕದ್ದು.

ಶರಣರು ದೈವದ ಪ್ರಶ್ನೆಗೆ ಕೊಟ್ಟ ಉತ್ತರವು ವಾದರೂಪದ್ದಲ್ಲ, ಆಚಾರರೂಪದ್ದು. ಅದಕ್ಕೆ ಕಾಯಕ, ದಾಸೋಹಗಳೆಂಬ ಎರಡು ಕೈಗಳುಂಟು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆಯನ್ನು ಅರಿಯದವರಾರು? ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಚೆಲ್ಲುವುದು ಯದೃಚ್ಛೆ, ಆಯುವುದು ಪ್ರಯತ್ನ. ಒಂದು ದಿನ ಆತನು ಹೆಚ್ಚು ಅಕ್ಕಿಯನ್ನು ತಂದಾಗ, ನಮಗೆ ಇಷ್ಟೇಕೆಂದು ಲಕ್ಕಮ್ಮನು ಅದನ್ನು ಹಿಂದಕ್ಕೆ ಕಳುಹಿಸಿದಳು. ಅದೃಷ್ಟವು ಅಕಸ್ಮಾತ್ತಾಗಿ ಕೈಗೆ ಹಾಕಿದುದನ್ನು ‘ನನ್ನದು’ ಎನ್ನದ ಈ ಮನಸ್ಸು, ದುರದೃಷ್ಟವು ಅಕಸ್ಮಾತ್ತಾಗಿ ನೆರೆಯವನ ಮೇಲೆ ಹೇರಿದುದನ್ನು ‘ಅವನದು’ ಎಂದು ಬಿಡುವುದೂ ಇಲ್ಲ. ಮಳೆಯು ಒಂದು ಹೊಲದಲ್ಲಿ ಸುರಿದು, ಪಕ್ಕದ ಹೊಲವನ್ನು ಬಿಟ್ಟು ಹೋಗುತ್ತದೆ. ಆ ಹಂಚಿಕೆಯಲ್ಲಿ ನ್ಯಾಯವಿಲ್ಲ. ನ್ಯಾಯವಿಲ್ಲದ ಆ ಹಂಚಿಕೆಯನ್ನು ಮನುಷ್ಯನು ಮರಳಿ ಹಂಚುವುದೇ ದಾಸೋಹ. ಕಾಯಕವು ದೈವದೊಡನೆ ಹೋರಾಡುವ ಬಗೆಯಾದರೆ, ದಾಸೋಹವು ಹೋರಾಡಿ ಸೋತವನನ್ನು ಕೈಬಿಡದಿರುವ ಬಗೆ.

ಕಡೆಯದಾಗಿ, ಮೈಲಾರದ ಮುಂದೆ ಹರಿದ ನೀರೇ ಹೋಗಿ ತುಂಬುವ ಹೊಸಪೇಟೆಯ ಜಲಾಶಯದ ಒಂದು ಸಂಗತಿಯನ್ನು ಸ್ಮರಿಸುವೆವು. 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟು ಕ್ಷಾಮದ ನಾಡಿಗೆ ಮನುಷ್ಯಪ್ರಯತ್ನವು ಕಟ್ಟಿಕೊಟ್ಟ ಕೋಟೆ. 2024ರ ಆಗಸ್ಟ್ 10ರ ರಾತ್ರಿ, ಜಲಾಶಯವು ತುಂಬಿ ನಿಂತಿರುವಾಗ, ಅದರ 33 ಬಾಗಿಲುಗಳಲ್ಲಿ 19ನೆಯದರ ಸರಪಣಿಯು ಹರಿದು, ಬಾಗಿಲೇ ಕೊಚ್ಚಿಹೋಯಿತು. ಅಂದೇ ಏಕೆ, ಆ ಬಾಗಿಲೇ ಏಕೆ ಎಂಬುದಕ್ಕೆ ಯದೃಚ್ಛೆಯೆಂದೇ ಹೇಳೋಣ. ಎಂದಾದರೊಂದು ದಿನ ಹಳೆಯ ಕಬ್ಬಿಣವು ಸವೆಯುವುದೆಂಬುದು ಮಾತ್ರ ಯದೃಚ್ಛೆಯಲ್ಲ, ಅದು ಕಾರಣ. ನೀರು ಭೋರ್ಗರೆಯುತ್ತಿರುವಾಗಲೇ, ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರೂ ಎಂಜಿನಿಯರರೂ ಪ್ರವಾಹದೊಳಕ್ಕೆ ಉಕ್ಕಿನ ಹಲಗೆಗಳನ್ನು ಒಂದೊಂದಾಗಿ ಇಳಿಸಿ, ಒಂದು ವಾರದೊಳಗೆ ಆ ಬಾಯಿಯನ್ನು ಮುಚ್ಚಿದರು, ಅದು ಪ್ರಯತ್ನ. ಬಳಿಕ ಮೇಲಣ ಸೀಮೆಯಲ್ಲಿ ಮಳೆಯಾಗಿ ಜಲಾಶಯವು ಮತ್ತೆ ತುಂಬಿತು. ಅದನ್ನು ದೈವಾನುಗ್ರಹವೆನ್ನುವವರೊಡನೆ ನಮಗೆ ಜಗಳವಿಲ್ಲ. ಆದರೆ ಬಾಗಿಲನ್ನು ಮುಚ್ಚದೆ ಇದ್ದಿದ್ದರೆ ಆ ಅನುಗ್ರಹವು ನಿಲ್ಲುವುದಕ್ಕೆ ಎಡೆಯೇ ಇರುತ್ತಿರಲಿಲ್ಲ.

ಮತ್ತೆ ಡೆಂಕನ ಮರಡಿಗೆ ಬರೋಣ. ‘ಸದ್ದಲೇ’ ಎಂಬ ಕೂಗಿಗೂ ಕಾರ್ಣಿಕದ ನುಡಿಗೂ ನಡುವೆ ಒಂದು ಗಳಿಗೆಯ ಮೌನವಿದೆಯಷ್ಟೆ. ಆ ಗಳಿಗೆಯಲ್ಲಿ ಉಳ್ಳವನೂ ಇಲ್ಲದವನೂ, ಕುರಿ ಕಾಯುವವನೂ ಊರನ್ನಾಳುವವನೂ ಭುಜಕ್ಕೆ ಭುಜವನ್ನು ತಾಗಿಸಿ ನಿಂತು, ಮುಂದೇನೋ ಎಂಬ ಒಂದೇ ಆತಂಕದಲ್ಲಿ ಸಮಾನರಾಗಿರುತ್ತಾರೆ. ನುಡಿಯು ಮುಗಿದೊಡನೆ ಮೇಲಿನಿಂದ ಬೀಳುವವನನ್ನು ಕೆಳಗಿನವರು ಹಿಡಿದುಕೊಳ್ಳುತ್ತಾರೆ. ಆ ಬಯಲಿನಲ್ಲಿ ಕಲಿಯಬೇಕಾದ ಪಾಠವು ಗೊರವಯ್ಯನ ನುಡಿಗಿಂತಲೂ ಹೆಚ್ಚಾಗಿ ಈ ಹಿಡಿಯುವ ಕೈಗಳಲ್ಲಿದೆಯೆಂದು ನಮಗೆ ತೋರುತ್ತದೆ. ನಾಳೆಯ ಮಳೆಯನ್ನು ಬಲ್ಲವರಾರೂ ಇಲ್ಲ. ನಾಳೆ ಬೀಳುವವನನ್ನು ಹಿಡಿಯುವೆವೋ ಇಲ್ಲವೋ ಎಂಬುದು ಮಾತ್ರ ನಮ್ಮ ಸ್ವಾತಂತ್ರ್ಯಕ್ಕೆ ಸೇರಿದ್ದು. ಮಠದ ಉಗ್ರಾಣವು ತುಂಬಿರುವುದೂ, ಅದರ ಬಾಗಿಲು ತೆರೆದಿರುವುದೂ ಆ ಸ್ವಾತಂತ್ರ್ಯದ ಗುರುತು. ಈ ಮಹೋತ್ಸವದ ಶುಭಸಮಯದಲ್ಲಿ ಆ ಬಾಗಿಲು ಎಂದೆಂದಿಗೂ ಮುಚ್ಚದಿರಲೆಂದು ಶ್ರೀಗುರುವಿನಲ್ಲಿ ಬೇಡಿಕೊಂಡು ಈ ಲೇಖನವನ್ನು ಮುಗಿಸುವೆವು. ಸರ್ವರಿಗೂ ಮಂಗಳವಾಗಲಿ.